ಹಾಸಿಗೆ ಅಂಗಡಿಯ ಜಗಳ

ಇನ್ಸ್‌ಪೆಕ್ಟರ್ ಸಾಹೇಬರು “ಹತ್ರ ಬಾರಯ್ಯ, ಬೆಳಕಿಗೆ” ಎಂದು ಅಕ್ಕ ಕೊಟ್ಟ ದೂರಿಗೆ ಠಾಣೆಗೆ ಬಂದಿದ್ದ ತಮ್ಮನನ್ನು ಕಿಟಕಿಯ ಕಡೆ ಕರೆದದ್ದೇ ತಡ, ಅಕ್ಕ ಬೆಂಚಿನಿಂದ ಎಗರಿ ಅವನ ಕಾಲರಿಗೆ ಕೈ ಹಾಕಿದಳು.

“ಅಪ್ಪನ ಅಂಗಡಿ ಬೇಕಾ ನಿಂಗೆ? ಹೊಸಿಲು ತುಳಿದು ನೋಡು, ಕಾಲು ಮುರೀತೀನಿ!”

ಬೈಯುತ್ತಲೇ ಅವನ ಭುಜ, ಬೆನ್ನು, ತಲೆ ಎಲ್ಲವನ್ನೂ ಹಾಸಿಗೆ ಬಡಿದಂತೆ ಬಡಿದಳು. ಹಾಸಿಗೆ ಹೊಲಿದೇ ಬೆಳೆದ ಕೈ. ಸದ್ದು ಠಾಣೆಯ ತುಂಬ ಕೇಳಿಸಿತು. ತಮ್ಮ ಅವಳ ಜಡೆ ಹಿಡಿದೆಳೆದ.

“ಬಿಡೇ, ರಾಕ್ಷಸಿ! ಅದರಲ್ಲಿ ನಂಗೂ ಅರ್ಧ ಪಾಲಿದೆ!”

ಪೇದೆ ನಡುವೆ ನುಗ್ಗಿ ಬಿಡಿಸಬೇಕಾಯಿತು.

ಸಾಹೇಬರು ಕದಲಲಿಲ್ಲ. ಬೆಂಕಿಕಡ್ಡಿಯಿಂದ ಹಲ್ಲು ಕೆದಕಿ, ಸಿಕ್ಕಿದ್ದನ್ನು ಅವಳ ದೂರಿನ ಹಾಳೆಗೇ ಒರೆಸಿದರು.

“ಒಂದೇ ಹೊಟ್ಟೇಲಿ ಹುಟ್ಟಿದೋರು, ನಾಚಿಕೆ ಆಗಲ್ವಾ? ರಾಜಿಯಾಗಿ ಕೇಸು ವಾಪಸ್ ತಗೊಳ್ಳಿ. ಜಾಗ ನನ್ನ ಬಾಮೈದ ಕೊಂಡ್ಕೋತಾನೆ. ಕೊಟ್ಟಷ್ಟು ಇಸ್ಕೊಂಡು ಹಂಚ್ಕೊಳ್ಳಿ. ಈಗ ಕೋರ್ಟಿನ ತಡೆಯಾಜ್ಞೆ ಇದೆ. ಅವಳು ಮಾರೋ ಹಾಗಿಲ್ಲ, ನೀನು ಒಳಗೆ ಕಾಲಿಡೋ ಹಾಗಿಲ್ಲ, ಬೇರೆಯವರು ಮುಟ್ಟೋ ಹಾಗಿಲ್ಲ. ಯಾರಿಗೇನು ಸುಖ?”

“ಇವನ ಜೊತೆ ರಾಜಿನಾ? ಈ ಜನ್ಮದಲ್ಲಿಲ್ಲ!” ಎಂದು ಅಕ್ಕ ಉಗಿದಳು. ಉಗುಳು ತಮ್ಮನನ್ನು ದಾಟಿ ಸಾಹೇಬರ ಬೂಟಿನ ಪಕ್ಕ ಬಿತ್ತು. ಸಾಹೇಬರು ಕಾಲು ಒಳಗೆಳೆದುಕೊಂಡರು.

ಆ ಬಾಮೈದ ಎಂಥವನೆಂದು ಇಡೀ ಬೀದಿಗೆ ಗೊತ್ತಿತ್ತು. ಪಕ್ಕದ ಸೈಕಲ್ ರಿಪೇರಿಯವನ ಜಾಗಕ್ಕೆ ಅವನು ಬೇಲಿ ಹಾಕಿಸಿದಾಗ ಕಾವಲು ನಿಂತದ್ದು ಇದೇ ಠಾಣೆಯವರು. ದೂರು ಕೊಡಲು ಬಂದ ಸೈಕಲಿನವನನ್ನೇ ಕತ್ತಲಾಗುವವರೆಗೆ ಲಾಕಪ್ಪಿನಲ್ಲಿ ಕೂರಿಸಿದ್ದರು. ಪಾಪ, ಅವನ ಜಾಗದ ಮೇಲೆ ಮೊದಲಿನಿಂದ ಯಾವ ವ್ಯಾಜ್ಯವೂ ಇರಲಿಲ್ಲ, ತಡೆಯಾಜ್ಞೆಯೂ ಇರಲಿಲ್ಲ. ಜಗಳವಾಡಲು ಒಡಹುಟ್ಟಿದವರೂ ಇರಲಿಲ್ಲ. ಈಗ ಕೋರ್ಟಿಗೆ ಅಲೆಯುತ್ತ, ರಸ್ತೆ ಬದಿಯಲ್ಲಿ ಕೂತು ಪಂಕ್ಚರ್ ಹಾಕುತ್ತಾನೆ.

ಮರುದಿನ ಕೋರ್ಟಿನಲ್ಲಿ ನ್ಯಾಯಾಧೀಶರು ತಲೆ ಎತ್ತಲಿಲ್ಲ. ಅಕ್ಕನ ವಕೀಲರು ಕಾಲಾವಕಾಶ ಕೇಳಿದರು. ತಮ್ಮನ ವಕೀಲರು ತಕರಾರಿಲ್ಲ ಎಂದರು. ತಡೆಯಾಜ್ಞೆ ಮುಂದುವರಿಯಿತು; ಮುಂದಿನ ವಾಯಿದೆ ಬೇಸಿಗೆ ರಜೆಯ ನಂತರ. ಉಚ್ಚೆ ನಾತದ ಪಡಸಾಲೆಯಲ್ಲಿ ಸೈಕಲಿನವನು ತನ್ನ ಕೇಸು ಇವತ್ತಾದರೂ ಕೂಗುತ್ತಾರಾ ಎಂದು ಜವಾನನ ಕಾಲು ಹಿಡಿದಿದ್ದ. ಜವಾನ ಕಾಲು ಕೊಡವಿಕೊಂಡು ಚಹಾ ಕುಡಿಯಲು ಹೋದ.

ಮೆಟ್ಟಿಲ ಮೇಲೆ ಅಕ್ಕ ತಮ್ಮ ಮತ್ತೆ ಕಿತ್ತಾಡಿದರು. ಕೆಳಗೆ ಕಾಯುತ್ತಿದ್ದ ಬಾಮೈದ “ಥೂ, ಇವರ ಜನ್ಮಕ್ಕಿಷ್ಟು!” ಎಂದು ಕಾರು ಹತ್ತಿದ.

ಅಕ್ಕ ಅಂಗಡಿಗೆ ಬಂದು ಮುಂಬಾಗಿಲು ಭದ್ರ ಮಾಡಿದಳು. ಹತ್ತಿಯ ರಾಶಿ ದಾಟಿ ಹಿಂಬಾಗಿಲ ಚಿಲಕ ತೆಗೆದಳು. ತಲೆ ಬಗ್ಗಿಸಿ ಒಳಬಂದವನ ನೆತ್ತಿಗೊಂದು ಮೊಟಕಿದಳು.

“ನಿನ್ನೆ ಹಾಗೆ ಮೈತುಂಬ ಹತ್ತಿ ಮೆತ್ಕೊಂಡು ಠಾಣೆಗೆ ಬರ್ತಾರೇನೋ, ಪೆದ್ದ? ಬೆಳಕಲ್ಲಿ ಆ ಇನ್ಸ್‌ಪೆಕ್ಟರ್ ನೋಡಿಬಿಟ್ಟಿದ್ರೆ?”

ತಮ್ಮ ಅರ್ಧ ಹೊಲಿದ ಹಾಸಿಗೆಯ ಮುಂದೆ ಕುಳಿತು, ದಬ್ಬಳಕ್ಕೆ ದಾರ ಪೋಣಿಸುತ್ತ ಕೇಳಿದ: “ತಪ್ಪಾಯ್ತು ಕಣಕ್ಕ. ಮುಂದಿನ ವಾಯಿದೆಲಿ ಮೊದಲು ಯಾರು ಬೈಬೇಕು, ನೀನಾ, ನಾನಾ?”