ಇನ್ನೊಂದು ಕೈ ಪೌಡರ್

"ಕಪ್ಪು ಜನರನ್ನು ಹೀಗೆ ಅಣಕಿಸಿದ್ದು ಅಂದೂ ತಪ್ಪು, ಇಂದೂ ತಪ್ಪು," ಎಂದು ನಿರೂಪಕಿ ಓದುತ್ತಿದ್ದಂತೆ ನಿರ್ದೇಶಕರು ಕೈಯೆತ್ತಿ ಶೂಟಿಂಗ್ ನಿಲ್ಲಿಸಿದರು. ಹಳೆಯ ಕಾರ್ಟೂನೊಂದಕ್ಕೆ ಮೊದಲು ತೋರಿಸಬೇಕಾದ ಎಚ್ಚರಿಕೆ ಅದು. ಪಕ್ಕದ ಪರದೆಯಲ್ಲಿ ದಪ್ಪ ತುಟಿಯ, ಇದ್ದಿಲು ಬಣ್ಣದ ಅಡುಗೆಯವನೊಬ್ಬ ಕಣ್ಣು ಹೊರಳಿಸುತ್ತಲೇ ನಿಂತುಬಿಟ್ಟಿದ್ದ.

"ಥೂ, ಈ ಕಾರ್ಟೂನ್ ಬರೆದೋರು ಎಂಥಾ ಜನಾರೀ! ಮಾನ ಮರ್ಯಾದೆ ಬೇಡ್ವಾ?" ಎಂದು ಲೋಕ ತಿದ್ದುವವರ ಠೀವಿಯಲ್ಲಿ ಮೂಗು ಮುರಿದ ನಿರ್ದೇಶಕರು, ಮೇಕಪ್ಪಿನವಳ ಕಡೆ ತಿರುಗಿದರು. "ಇವ್ರ ಮುಖಕ್ಕೆ ಇನ್ನೊಂದು ಕೈ ಪೌಡರ್ ಬಳಿಯಮ್ಮ. ತೀರಾ ಕಪ್ಪಗೆ ಕಾಣ್ತಿದ್ದಾರೆ, ಮಕ್ಕಳು ಹೆದರ್ಕೊಂಡಾರು."

ನಿರೂಪಕಿ ಒದ್ದೆ ಬಟ್ಟೆ ತೆಗೆದುಕೊಂಡು, ಬಳಿದಿದ್ದ ಬಿಳುಪೆಲ್ಲ ಹೋಗುವಂತೆ ಮುಖ ಉಜ್ಜಿಕೊಂಡಳು. ಆ ಬಟ್ಟೆಯನ್ನು ನಿರ್ದೇಶಕರ ಕೈಗಿಟ್ಟು, "ಆ ಜನ ಎಲ್ಲಾ ಸತ್ತುಹೋದ್ರು ಅಂದ್ಕೊಂಡಿದ್ದೆ ಸಾರ್," ಎಂದಳು.