ದಾಟಿಸಿದ ಹೊಟ್ಟೆನೋವು

ದೊಡ್ಡೀರಪ್ಪನ ಹೊಟ್ಟೆ ಬೆಳಗಿನಿಂದ ಹಿಂಡುತ್ತಿತ್ತು. ನೋವಿನ ಮಾತ್ರೆ ಜೇಬಿನಲ್ಲೇ ಇತ್ತು, ನುಂಗುವಂತಿರಲಿಲ್ಲ. ಅವನು ಹೃದಯದ ಮಾತ್ರೆ ತೆಗೆದುಕೊಳ್ಳುವವನು. ಎರಡೂ ಕೂಡಿದರೆ ಎದೆ ಕೆಡುತ್ತದೆ ಎಂದು ಡಾಕ್ಟರು ಗದರಿಸಿದ್ದರು. "ನೋವನ್ನ ಯಾರಿಗಾದ್ರೂ ದಾಟಿಸಿ, ಮಾತ್ರೆ ಅವರು ನುಂಗ್ಲಿ."

ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಅಂಗೈಗೆ ಅಂಗೈ ಒತ್ತಿದರೆ ನೋವು ದಾಟುತ್ತಿತ್ತು. ಆದರೆ ಒಂದೇ ಒಲೆಯಲ್ಲಿ ಬೆಂದದ್ದನ್ನು ಉಂಡವರ ನಡುವೆ ಮಾತ್ರ. ಹೆಂಡತಿ ತೀರಿಕೊಂಡ ಮೇಲೆ ದೊಡ್ಡೀರಪ್ಪನ ಒಲೆಗೆ ಅವನೊಬ್ಬನೇ. ತಮ್ಮ ನಿಂಗರಾಜು ಗೋಡೆಯಾಚೆಗೇ ಇದ್ದ. ಬೋರ್‌ವೆಲ್ ನೀರಿನ ಜಗಳದಲ್ಲಿ, "ನಿನ್ನ ಮನೇಲಿ ಉಂಡ್ರೆ ನಾನು ನಮ್ಮಪ್ಪಂಗೆ ಹುಟ್ಟಿದೋನೇ ಅಲ್ಲ" ಎಂದು ದೊಡ್ಡೀರಪ್ಪನೇ ಕೂಗಾಡಿ ಬಂದಿದ್ದ.

ಮಧ್ಯಾಹ್ನಕ್ಕೆ ತಡೆಯಲಾಗದೆ ತಮ್ಮನ ಮನೆಯ ಹೊಸ್ತಿಲಲ್ಲಿ ನಿಂತ.

"ಒಂದ್ ತುತ್ತು ಹಾಕು," ಎಂದ, ತಮ್ಮನ ಹೆಂಡತಿ ಚೆನ್ನಾಜಮ್ಮನ ಮುಖ ನೋಡದೆ.

"ಅಪ್ಪಂಗೆ ಹುಟ್ಟಿದೋರು ಇಲ್ಲಿ ಉಣ್ಣಲ್ಲ ಅಂದಿದ್ರಲ್ಲ ಬಾವ?"

"ಹಿಟ್ಟು ಹಾಕ್ತೀಯೋ, ಪುರಾಣ ಓದ್ತೀಯೋ?"

ಅವಳು ತಟ್ಟೆ ಇಟ್ಟಳು. ಅವನು ಮುದ್ದೆ ಮುರಿದು ನುಂಗಿದ. ಅಣ್ಣನ ಮುಖ ಕಂಡ ನಿಂಗರಾಜು ಪಕ್ಕ ಬಂದು ಕೂತು ಅಂಗೈ ಚಾಚಿದ. ನೋವು ದಾಟಿದ್ದೇ ತಡ, ನಿಂಗರಾಜು ಹೊಟ್ಟೆ ಹಿಡಿದು ಗೋಡೆಗೆ ಒರಗಿದ. ಅಣ್ಣ ಕೊಟ್ಟ ಮಾತ್ರೆಯನ್ನು ನೀರೂ ಕುಡಿಯದೆ ನುಂಗಿದ.

"ಇಷ್ಟ್ ನೋವ್ ಇಟ್ಕೊಂಡು ಗೋಡೆ ಆಚೆ ಒಬ್ನೇ ಕೂತಿದ್ಯೇನಣ್ಣ? ನಿನ್ ಹಟಕ್ಕೆ ಬೆಂಕಿ ಹಾಕ."

ಮಾತ್ರೆ ಕೆಲಸ ಮಾಡುವವರೆಗೆ ದೊಡ್ಡೀರಪ್ಪ ತಮ್ಮನ ಬೆನ್ನು ನೀವುತ್ತ ಕೂತ. ಆಮೇಲೆ ಚೆನ್ನಾಜಮ್ಮನ ಕಡೆ ತಿರುಗಿ, ಜಗಳದ ದನಿಯಲ್ಲೇ ಹೇಳಿದ: "ರಾತ್ರಿಗೆ ನಂದೂ ಸೇರ್ಸಿ ಎಸರಿಡಮ್ಮ."