ಕಿಡ್ನಿ ವಾರ್ಡಿನ ಜಗಳ

“ತೊಲಗು ಇಲ್ಲಿಂದ! ಇನ್ನೊಂದು ಸಲ ಈ ಹೊಸ್ತಿಲು ತುಳಿದರೆ ಕಾಲು ಮುರೀತೀನಿ!”

ಹಿರಿಯ ನರ್ಸ್ ಅಬ್ಬರಿಸಿದ ರಭಸಕ್ಕೆ ಬಸ್ ಕಂಡಕ್ಟರಮ್ಮ ಹಾಸಿಗೆಯಲ್ಲಿ ಎದ್ದು ಕೂತಳು. ಅವಳು ಈ ವಾರ್ಡಿಗೆ ಸೇರಿದ್ದೇ ಹಿಂದಿನ ಸಂಜೆ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಇಲ್ಲಿ ಯಂತ್ರದಲ್ಲಿ ಅಚ್ಚು ಹಾಕಿ ಹೊಸ ಕಿಡ್ನಿ ಮಾಡಿಕೊಡುತ್ತಾರಂತೆ ಎಂಬ ಒಂದೇ ಆಸೆ ಹಿಡಿದು ಬಂದಿದ್ದಳು.

ಬೈಸಿಕೊಳ್ಳುತ್ತಿದ್ದವನು ಎದುರು ಹಾಸಿಗೆಯ ಬಡಗಿ. ಕೈಯಲ್ಲಿ ನೀರಿನ ಜಗ್ಗು. ನರ್ಸೇ ತುಂಬಿಸಿ ಇಟ್ಟಿದ್ದ ಜಗ್ಗು. ಕಿಡ್ನಿ ಕೆಟ್ಟವರಿಗೆ ನೀರೂ ಅಳತೆಯೇ; ಕಂಡಕ್ಟರಮ್ಮನಿಗೆ ಬೆಳಿಗ್ಗೆಯಿಂದ ಸಿಕ್ಕಿದ್ದು ಅಳೆದು ಕೊಟ್ಟ ಅರ್ಧ ಲೋಟ. ಈತ ಎಲ್ಲರ ಕಣ್ಣೆದುರೇ ಜಗ್ಗೆತ್ತಿ ಗಟಗಟ ಕುಡಿದು ಮೀಸೆ ಒರೆಸಿಕೊಂಡ.

“ನೋಡಿದ್ರಾ ಇವನ ಸೊಕ್ಕು!” ನರ್ಸ್ ಕೂಗಿದಳು.

ಒಳಕೋಣೆಯಿಂದ ಜೆಲ್ ಕಲಸುವ ಹುಡುಗಿ ಕೈಗವಸಿನಲ್ಲೇ ಓಡಿ ಬಂದಳು. ಜೀವಕೋಶ ಬೆರೆಸಿದ ಜೆಲ್ಲನ್ನು ಪದರ ಪದರವಾಗಿ ಕಟ್ಟಿ, ನಡುನಡುವೆ ಬೇರೊಂದು ಜೆಲ್ಲಿನ ಎಳೆ ಇಡುವುದು ಅವಳ ಕೆಲಸ. ತಣ್ಣಗಾಗಿಸಿದರೆ ಆ ಎಳೆ ನೀರಾಗಿ ಹರಿದುಹೋಗುತ್ತದೆ. ಅದಿದ್ದ ಜಾಗದಲ್ಲಿ ರಕ್ತ ಓಡಾಡುವ ಕೊಳವೆ ಉಳಿಯುತ್ತದೆ. ಉಳಿದರೆ ಪುಣ್ಯ.

“ಇವನ ಕಣ್ಣು ತಾಗಿಯೇ ಮೊದಲು ಮಾಡಿದ ಕಿಡ್ನಿಗಳೆಲ್ಲ ಸೋರಿದ್ದು! ಕೊಳವೆ ಕುಸೀತು ಅಂತ ನಾನು ಅಳ್ತಾ ಕೂತಿದ್ರೆ, ಮರಕ್ಕೆ ಹಚ್ಚೋ ಅಂಟು ಹಾಕಿ ನೋಡು ಮಗಳೇ ಅಂದ!”

“ಮತ್ತೆ? ನಿನ್ನ ಜೆಲ್ಲು ಸಿಂಬಳಕ್ಕಿಂತ ತೆಳ್ಳಗಿತ್ತಲ್ಲ,” ಎಂದ ಬಡಗಿ.

“ಅಟ್ಟಿ ಅವನನ್ನ!” ಮೂಲೆ ಹಾಸಿಗೆಯ ಮುದುಕ ದನಿಗೂಡಿಸಿದ. “ಗೊರಕೆ ಹೊಡೆದು ಹೊಡೆದು ನಮ್ಮ ನಿದ್ದೆ ತಿಂದ!”

ಬಡಗಿಯ ಹೆಂಡತಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುಖಕ್ಕೆ ಕರವಸ್ತ್ರ. ಭುಜಗಳು ಅದುರುತ್ತಿದ್ದವು.

ಅಳುತ್ತಿದ್ದಾಳೆ ಎಂದುಕೊಂಡಳು ಕಂಡಕ್ಟರಮ್ಮ. ಒಂದು ಜಗ್ಗು ನೀರಿಗೆ ಒಂದು ಜೀವವನ್ನೇ ಬೀದಿಗೆ ಹಾಕುವವರು ನಾಳೆ ತನ್ನನ್ನು ಬಿಟ್ಟಾರೆಯೇ? ಸುಮ್ಮನಿರೋಣವೆಂದರೆ ಬಾಯಿ ಕೇಳಬೇಕಲ್ಲ. ತುಂಬಿದ ಬಸ್ಸನ್ನು ಒಂದೇ ಕೂಗಿಗೆ ಹಿಂದಕ್ಕೆ ಸರಿಸಿದ ಗಂಟಲು ಅದು.

“ರೀ ಸಿಸ್ಟರ್! ಬಾಯಾರಿ ನೀರು ಕುಡಿದ್ರೆ ಕೊಲೆನಾ? ಕಿಡ್ನಿ ಕೊಡದಿದ್ರೆ ಬೇಡ, ಮನುಷ್ಯರನ್ನ ಕಳಿಸೋ ಹಾಗೆ ಕಳಿಸಿ. ಅಣ್ಣಾ, ನೀವು ಹೋಗಿ ಬ...”

ನರ್ಸ್ ಹಾರಿ ಬಂದು ಅವಳ ಬಾಯಿ ಮುಚ್ಚಿದಳು. ಬಡಗಿ ಸರಕ್ಕನೆ ಹೊರಟ. ಹೆಂಡತಿ ಹಿಂದೆಯೇ ಓಡಿದಳು. ಚಪ್ಪಲಿ ಸದ್ದು ಮೆಟ್ಟಿಲಿಳಿದು ಬೀದಿಯ ಗದ್ದಲದಲ್ಲಿ ಮುಳುಗಿತು. ಅವನು ತಿರುಗಿ ನೋಡಲಿಲ್ಲ. ಆ ವಾರ್ಡಿಗೆ ಮತ್ತೆಂದೂ ಬರಲೂ ಇಲ್ಲ.

ನರ್ಸ್ ಕೈ ತೆಗೆದಳು. ಕಣ್ಣು ಒದ್ದೆ, ತುಟಿಯ ತುಂಬ ನಗು.

“ಸದ್ಯ, ಬಚಾವಾದೆವು. ಅವರಿಗೆ ಹಾಕಿದ ಕಿಡ್ನಿ ಒಂದು ತೊಟ್ಟೂ ಸೋರದೆ ಕೆಲಸ ಮಾಡ್ತಿದೆ ಕಣಮ್ಮ. ವಾಸಿಯಾದವರಿಗೆ ಇಲ್ಲಿ ‘ಹೋಗಿ ಬನ್ನಿ’ ಅನ್ನೋ ಹಾಗಿಲ್ಲ, ಬೈದೇ ಅಟ್ಟೋದು. ‘ಬನ್ನಿ’ ಅಂದು, ನಿಜವಾಗ್ಲೂ ಬಂದುಬಿಟ್ರೆ?”

ಕಂಡಕ್ಟರಮ್ಮ ನರ್ಸಿನ ಕೈ ಹಿಡಿದುಕೊಂಡಳು.

“ಸಿಸ್ಟರ್, ನನಗೆ ಯಾವಾಗ ಬೈತೀರಿ?”